ಜಲವಿಹಾರದ ಋಣ

ಮೈಸೂರಿನಲ್ಲಿ ವಾಸಮಾಡುವವರಿಗೆ ವಿಸ್ತಾರವಾದ ಜಲರಾಶಿಯ ದರ್ಶನವು ದುರ್ಲಭವಾದುದಲ್ಲ. ಊರೊಳಗೆಯೇ ಕುಕ್ಕರಹಳ್ಳಿ ಕೆರೆಯೂ ಚಾಮುಂಡಿಬೆಟ್ಟದ ತಪ್ಪಲಿನ ಕಾರಂಜಿ ಕೆರೆಯೂ ಇವೆ; ವಾಯವ್ಯ ದಿಕ್ಕಿಗೆ ಹೊರಟರೆ ಗಂಟೆಯೊಳಗೆ ಕನ್ನಂಬಾಡಿ ಕಟ್ಟೆ ಸಿಕ್ಕುತ್ತದೆ; ಶ್ರೀರಂಗಪಟ್ಟಣ, ಪಾಂಡವಪುರಗಳನ್ನು ದಾಟಿ ಇನ್ನಷ್ಟು ಉತ್ತರಕ್ಕೆ ಹೋದವರಿಗೆ ಬಂಡೆಗುಡ್ಡಗಳ ನಡುವೆ ತೊಣ್ಣೂರು ಕೆರೆ ಕಾಣುತ್ತದೆ; ನೈಋತ್ಯಕ್ಕೆ ಹೆಗ್ಗಡದೇವನಕೋಟೆಯ ಸೀಮೆಯನ್ನು ಹೊಕ್ಕರೆ ಅಲ್ಲಿ ಕಪಿಲೆಯ ಹಿನ್ನೀರು ಕಾಡಿನ ಅಂಚಿನವರೆಗೂ ಹಬ್ಬಿಕೊಂಡಿದೆ. ಭಾನುವಾರ ಬಂದಿತೆಂದರೆ ಸರಸ್ವತಿಪುರದಿಂದಲೂ ಕುವೆಂಪುನಗರದಿಂದಲೂ ಚಿತ್ರಾನ್ನ ಮೊಸರನ್ನಗಳ ಬುತ್ತಿ ಕಟ್ಟಿಕೊಂಡು, ಮಕ್ಕಳುಮರಿಗಳನ್ನು ಕೂರಿಸಿಕೊಂಡು, ಬದಲಿ ಬಟ್ಟೆಯ ಗಂಟನ್ನು ಮರೆಯದೆ ಹೊರಡುವ ಸಂಸಾರಗಳೂ, ಯಾವ ಗಂಟೂ ಇಲ್ಲದೆ ಬೈಕುಗಳನ್ನೇರಿ ಹೊರಡುವ ತರುಣರೂ ಈ ದಿಕ್ಕುಗಳಲ್ಲಿ ಯಾವುದಾದರೊಂದನ್ನು ಹಿಡಿಯುತ್ತಾರೆ. ಹೊರಡುವ ಹೊತ್ತಿಗೆ ಸರಿಯಾಗಿ ಜಗುಲಿಯ ಮೇಲಿನ ಹಿರಿಯರೊಬ್ಬರು, ‘ಅದು ತೀರ್ಥ ಕಣಯ್ಯ, ಕುಣಿದಾಡೋ ಜಾಗ ಅಲ್ಲ; ಮೊದಲು ಒಂದು ಬೊಗಸೆ ನೀರು ತಲೆಗೆ ಹಾಕ್ಕೊಂಡು, ಆಮೇಲೆ ಏನು ಬೇಕಾದರೂ ಮಾಡಿ’ ಎನ್ನುವುದೂ, ಮೊಮ್ಮಗನು ‘ಆಗಲಿ ತಾತ’ ಎಂದು ಗಾಡಿ ಹತ್ತುವುದೂ ಈ ಊರಿನ ಎಷ್ಟೋ ಮನೆಗಳ ವಾಡಿಕೆ.

ಹಿರಿಯರ ಆ ಮಾತನ್ನು ಶಿಷ್ಟಾಚಾರದ ಎಚ್ಚರಿಕೆಯೆಂದು ತಳ್ಳಿಹಾಕಿಬಿಡುವುದು ಸುಲಭ. ಆದರೆ ಅದರೊಳಗೆ ಧರ್ಮಜಿಜ್ಞಾಸೆಗೆ ಯೋಗ್ಯವಾದ ಪ್ರಶ್ನೆಯೊಂದಿದೆ. ಪಾವನವೆಂದು ನಂಬಿದ ನೀರಿನಲ್ಲಿ, ಪಾಪಕ್ಷಯದ ಸಂಕಲ್ಪವಾಗಲಿ ಪುಣ್ಯದ ಅಪೇಕ್ಷೆಯಾಗಲಿ ಇಲ್ಲದೆ, ಕೇವಲ ಮೈಮನಸ್ಸುಗಳ ಹಿಗ್ಗಿಗಾಗಿ ಇಳಿಯುವವನು ಅಪಚಾರವೆಸಗುತ್ತಾನೆಯೆ? ಎಸಗುವುದಿಲ್ಲವಾದರೆ ಅವನ ಆ ಕ್ರೀಡೆಗೆ ಧರ್ಮದ ದೃಷ್ಟಿಯಲ್ಲಿ ಏನಾದರೂ ಸ್ಥಾನವುಂಟೆ, ಅಥವಾ ಅದು ಉಂಡು ಮಲಗುವುದರಂತೆ ಪುಣ್ಯಪಾಪಗಳೆರಡಕ್ಕೂ ಹೊರತಾದ ಕಾರ್ಯವೆ?

ತೀರ್ಥಯಾತ್ರೆಗೊಂದು, ವಿಹಾರಕ್ಕೊಂದು ಎಂದು ಎರಡು ಖಾತೆಗಳನ್ನು ತೆರೆದುಕೊಂಡವರು ಇತ್ತೀಚಿನವರಾದ ನಾವು. ನಮ್ಮ ಪೂರ್ವಿಕರ ಕಡತದಲ್ಲಿ ಈ ವಿಭಾಗವು ಅಷ್ಟು ಸ್ಪಷ್ಟವಾಗಿರಲಿಲ್ಲ. ನವರಾತ್ರಿಯ ಕೋಲಾಹಲವು ಮುಗಿದು ಬೆಟ್ಟದ ಮೇಲೆ ಚಾಮುಂಡೇಶ್ವರಿಯ ರಥೋತ್ಸವವು ನಡೆದ ಬಳಿಕ, ಮಹಿಷನನ್ನು ಮರ್ದಿಸಿದ ಆ ಮಹಾತಾಯಿಯನ್ನೇ ಅಲಂಕೃತವಾದ ತೆಪ್ಪದಲ್ಲಿ ಕೂರಿಸಿ ದೇವಿಕೆರೆಯಲ್ಲಿ ಸುತ್ತಾಡಿಸುವರು. ನಂಜನಗೂಡಿನ ಶ್ರೀಕಂಠೇಶ್ವರನು ದೊಡ್ಡ ಜಾತ್ರೆಯ ಕಾಲದಲ್ಲಿ ಕಪಿಲೆಯಲ್ಲಿ ತೇಲುವನು. ದೇವರಿಗೆ ಉಯ್ಯಾಲೆಯುಂಟು, ವಸಂತದಲ್ಲಿ ಓಕುಳಿಯುಂಟು, ಶಯನೋತ್ಸವವುಂಟು. ಕಾರ್ತಿಕಮಾಸದಲ್ಲಿ ನೆಲ್ಲಿಯ ಮರದ ನೆರಳನ್ನು ಹುಡುಕಿಕೊಂಡು ಹೋಗಿ ಕೂಡಿ ಉಣ್ಣುವ ವನಭೋಜನವು ವ್ರತವೋ ವಿನೋದವೋ ಎಂದು ಯಾವ ಗೃಹಿಣಿಯನ್ನು ಕೇಳಿದರೂ ಅವಳು ಪ್ರಶ್ನೆಗಿಂತ ಪ್ರಶ್ನಿಸಿದವನನ್ನೇ ವಿಚಿತ್ರವಾಗಿ ನೋಡಿಯಾಳು. ಮಹಾಕಾವ್ಯವನ್ನು ಬರೆಯಹೊರಟ ಕವಿಗೆ ಅಲಂಕಾರಶಾಸ್ತ್ರವು ವಿಧಿಸಿದ ಅಷ್ಟಾದಶವರ್ಣನೆಗಳಲ್ಲಿ ಜಲಕ್ರೀಡೆಯೂ ಒಂದಾಗಿದ್ದು, ವೈರಾಗ್ಯವನ್ನೇ ಪರಮಫಲವೆಂದು ಸಾರುವ ಜೈನ ಕವಿಗಳು ಕೂಡ ತೀರ್ಥಂಕರರ ಚರಿತೆಯ ನಡುವೆ ಸಂಕೋಚವಿಲ್ಲದೆ ನೀರಾಟದ ಪದ್ಯಗಳನ್ನು ರಚಿಸಿದರು. ಧರ್ಮಶಾಸ್ತ್ರಕಾರರು ನೀರಿನ ವಿಷಯದಲ್ಲಿ ನಿಷೇಧಿಸಿದುದು ಏನನ್ನು ಎಂದು ನೋಡಿದರೆ ಅಲ್ಲಿ ಉಗುಳು, ಮಲ, ಮೂತ್ರ, ಹೊಲಸು ಬಟ್ಟೆ ಇವುಗಳ ಮಾತು ಬರುತ್ತದೆ. ನಗೆಯನ್ನು ನಿಷೇಧಿಸಬೇಕೆಂದು ಅವರಿಗೆ ತೋರಲಿಲ್ಲ.

ಈ ವಿಚಾರಕ್ಕೆ ತೊಣ್ಣೂರಿನಷ್ಟು ಒಪ್ಪುವ ಜಲಾಶಯವು ಈ ಪ್ರಾಂತ್ಯದಲ್ಲಿ ಇನ್ನೊಂದಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಚೋಳದೇಶವನ್ನು ತೊರೆದು ಬಂದ ರಾಮಾನುಜಾಚಾರ್ಯರು ಮೇಲುಕೋಟೆಗೆ ಹೋಗುವ ಮೊದಲು, ಹೊಯ್ಸಳ ವಿಷ್ಣುವರ್ಧನನ ಆಶ್ರಯದಲ್ಲಿ, ಆಗ ತೊಂಡನೂರೆಂದೂ ಯಾದವಪುರಿಯೆಂದೂ ಹೆಸರಾಗಿದ್ದ ಈ ಊರಿನಲ್ಲಿ ನೆಲಸಿದ್ದರೆಂದು ಪರಂಪರೆಯು ಹೇಳುತ್ತದೆ. ಎರಡು ಕಲ್ಲುಗುಡ್ಡಗಳ ನಡುವಣ ಕಂಡಿಗೆ ಏರಿ ಹಾಕಿ ನಿಲ್ಲಿಸಿದ ಕೆರೆಗೆ ತಿರುಮಲಸಾಗರವೆಂದು ನಾಮಕರಣವಾದುದೂ ಅವರಿಂದಲೇ ಎಂಬ ಪ್ರತೀತಿಯಿದೆ. 1746ರಲ್ಲಿ ಇಲ್ಲಿ ಬೀಡುಬಿಟ್ಟಿದ್ದ ಹೈದರಾಬಾದಿನ ನಾಸಿರ್ ಜಂಗನು ಇದರ ತಿಳಿನೀರಿಗೆ ಮನಸೋತು ಮೋತಿ ತಲಾಬ್ ಎಂದು ಕರೆದನಂತೆ. ಊರಿನಲ್ಲಿ ನಂಬಿನಾರಾಯಣನ ಗುಡಿಯೂ ವೇಣುಗೋಪಾಲನ ಗುಡಿಯೂ ಗುಡ್ಡದ ಮೇಲೆ ಯೋಗನರಸಿಂಹನೂ ಇರುವುದರಿಂದ ಭಕ್ತರು ಬರುವರು. ಕೆರೆಯಿರುವುದರಿಂದ ಭಕ್ತರಲ್ಲದವರೂ ಬರುವರು. ವಸ್ತುತಃ ಇಬ್ಬರೂ ಒಬ್ಬರೇ ಆಗಿರುವುದೇ ಹೆಚ್ಚು.

ಕೆರೆಯ ಅಂಚಿನ ಬಂಡೆಗಳ ಮೇಲೆ ಬೇಸಗೆಯ ಮಧ್ಯಾಹ್ನ ನಡೆಯುವ ವ್ಯಾಪಾರವನ್ನು ಸ್ವಲ್ಪ ಹೊತ್ತು ನಿಂತು ನೋಡಬೇಕು. ಹದಿನಾರು ಹದಿನೇಳರ ಹುಡುಗನೊಬ್ಬನು ಷೂಗಳನ್ನು ಬಿಚ್ಚಿ, ಒಂದರೊಳಗೆ ಮೊಬೈಲನ್ನು ತುರುಕಿ, ಕಾಲುಚೀಲವನ್ನು ಅದರ ಬಾಯಿಗೆ ಗಿಡಿದು, ಇದಿಷ್ಟನ್ನೂ ತಂಗಿಯ ಕಾವಲಿಗೆ ಒಪ್ಪಿಸಿ ಬಂಡೆಯ ನೆತ್ತಿಗೆ ಹತ್ತುತ್ತಾನೆ. ಅಲ್ಲಿ ನಿಂತು ಕೆಳಗೆ ನೋಡುತ್ತಾನೆ, ಹಿಂದಕ್ಕೆ ಸರಿಯುತ್ತಾನೆ, ಕೆಳಗಿನ ಗೆಳೆಯರು ಗೇಲಿಮಾಡಿದ ಮೇಲೆ ಮತ್ತೆ ಮುಂದಕ್ಕೆ ಬರುತ್ತಾನೆ, ಯಾರಿಗೂ ಕಾಣದಂತೆ ಎದೆಯನ್ನು ಮುಟ್ಟಿಕೊಂಡು ಮೊಣಕಾಲುಗಳನ್ನು ಮಡಿಚಿ ಹಾರುತ್ತಾನೆ. ನೀರು ಎದ್ದು ಬಂಡೆಯನ್ನು ತೋಯಿಸುತ್ತದೆ. ಕ್ಷಣಕಾಲ ಏನೂ ಕಾಣುವುದಿಲ್ಲ. ಆಮೇಲೆ ಒಂದು ತಲೆ, ಕೂದಲನ್ನು ಕೊಡವಿ, ಕಾರಣವಿಲ್ಲದೆ ಗಟ್ಟಿಯಾಗಿ ನಗುತ್ತ ಮೇಲೆ ಬರುತ್ತದೆ. ಮತ್ತೆ ಅದೇ ಬಂಡೆಯನ್ನು ಹತ್ತತೊಡಗುತ್ತದೆ. ಹಾರಿದುದರಿಂದ ಅವನಿಗೆ ಬಂದುದೇನು? ಅವನು ಎಲ್ಲಿಂದ ಹೊರಟನೋ ಅಲ್ಲಿಗೇ ಮತ್ತೆ ಹೋಗುತ್ತಿದ್ದಾನೆ. ಲಾಭವೆಂಬ ಮಾತಿಗೆ ಅಲ್ಲಿ ಎಡೆಯೇ ಇಲ್ಲ.

ಬ್ರಹ್ಮಸೂತ್ರಗಳನ್ನು ಓದಿದವರಿಗೆ ಈ ಹುಡುಗನನ್ನು ನೋಡಿದಾಗ ಎರಡನೆಯ ಅಧ್ಯಾಯದ ಮೊದಲ ಪಾದವು ನೆನಪಾಗದೆ ಇರಲಾರದು. ಅಲ್ಲಿ ಬಾದರಾಯಣರು ಎತ್ತಿಕೊಳ್ಳುವ ಆಕ್ಷೇಪವು ಬಹಳ ತೀಕ್ಷ್ಣವಾದುದು: ಪ್ರಯೋಜನವಿಲ್ಲದೆ ಮಂದಮತಿಯೂ ಕಾರ್ಯಪ್ರವೃತ್ತನಾಗುವುದಿಲ್ಲ, ಪರಿಪೂರ್ಣನಾದ ಬ್ರಹ್ಮಕ್ಕೆ ಪ್ರಯೋಜನವೆಂಬುದು ಇರಲಾರದು, ಆದುದರಿಂದ ಬ್ರಹ್ಮವು ಜಗತ್ತನ್ನು ಸೃಷ್ಟಿಸಿತೆಂಬುದು ಹೇಗೆ? ಇದಕ್ಕೆ ಸೂತ್ರಕಾರರು ಕೊಟ್ಟ ಸಮಾಧಾನವು ಲೀಲೆ ಎಂಬುದು. ಲೋಕದಲ್ಲಿ ಕಾಣುವ ಕ್ರೀಡೆಯಂತೆ ಸೃಷ್ಟಿಯೂ ಪ್ರಯೋಜನನಿರಪೇಕ್ಷವಾದುದೆಂದು ಅವರ ಅಭಿಪ್ರಾಯ. ಹಾಗಾದರೆ ಲೋಕದ ಯಾವ ಕ್ರೀಡೆಯಂತೆ ಎಂಬಲ್ಲಿ ಭಾಷ್ಯಕಾರರು ತಮ್ಮ ತಮ್ಮ ಮನೋಧರ್ಮಕ್ಕೆ ತಕ್ಕ ಉದಾಹರಣೆಗಳನ್ನು ಕೊಡುತ್ತಾರೆ. ನನಗಂತೂ ಸಿದ್ಧಾಂತಕ್ಕಿಂತ ಈ ಉದಾಹರಣೆಗಳೇ ಅವರವರ ಹೃದಯಕ್ಕೆ ಹತ್ತಿರವೆಂದು ತೋರುತ್ತದೆ. ಶಂಕರರು ಎಲ್ಲ ಆಸೆಗಳೂ ಈಡೇರಿದ ರಾಜನೋ ಅಮಾತ್ಯನೋ ವಿಹಾರಸ್ಥಾನಗಳಲ್ಲಿ ಕ್ರೀಡಿಸುವುದನ್ನು ಹೇಳಿ, ಅಷ್ಟರಲ್ಲಿ ತೃಪ್ತಿಗೊಳ್ಳದೆ, ಆ ಕ್ರೀಡೆಯಲ್ಲಿಯೂ ಸೂಕ್ಷ್ಮವಾದ ಪ್ರಯೋಜನವನ್ನು ಯಾರಾದರೂ ಊಹಿಸಿಯಾರೆಂಬ ಶಂಕೆಯಿಂದ, ಉಸಿರಾಟದ ನಿದರ್ಶನವನ್ನೂ ಕೂಡಿಸುತ್ತಾರೆ: ಉಸಿರನ್ನು ಯಾರೂ ಉದ್ದೇಶವಿಟ್ಟು ಆಡುವುದಿಲ್ಲ, ಅದು ಸ್ವಭಾವ. ಮಧ್ವರ ಉದಾಹರಣೆಯು ಇನ್ನೂ ಧೀರವಾದುದು. ಸುಖವು ಉಕ್ಕಿ ಬಂದಾಗ ಮತ್ತನಾದವನು ಹಾಡುವನು, ಕುಣಿಯುವನು. ಸೃಷ್ಟಿಯು ಅಂತಹ ಆನಂದೋದ್ರೇಕ. ಮಡಿಯುಟ್ಟ ಯತಿವರ್ಯರು ಪರಮಾತ್ಮನಿಗೆ ಮತ್ತನ ಕುಣಿತವನ್ನು ಹೋಲಿಸಿದರೆಂಬುದನ್ನು ಮಡಿವಂತರಾದ ನಾವು ಸಾಮಾನ್ಯವಾಗಿ ಮರೆತುಬಿಡುತ್ತೇವೆ. ರಾಮಾನುಜರಾದರೋ ಸಪ್ತದ್ವೀಪವತಿಯಾದ ಭೂಮಿಯನ್ನಾಳುವ ಶೂರನಾದ ಚಕ್ರವರ್ತಿಯೊಬ್ಬನನ್ನು ತಂದು, ಅವನ ಕೈಗೆ ಚೆಂಡೊಂದನ್ನು ಕೊಡುತ್ತಾರೆ. ಅವನು ಚೆಂಡಾಡುತ್ತಾನೆ, ಅಷ್ಟೇ. ಹಾಗೆ ಬರೆದ ಆಚಾರ್ಯರ ಹೆಸರಿನೊಡನೆ ಪರಂಪರೆಯು ಬೆಸೆದ ಕೆರೆಯಲ್ಲಿ ಪಾಂಡವಪುರದ ಹುಡುಗನೊಬ್ಬನು ಬಂಡೆಯಿಂದ ಹಾರುವುದನ್ನು ಅಪಚಾರವೆನ್ನಲು ನನಗೆ ಧೈರ್ಯವಿಲ್ಲ.

ಆದರೂ ಇಲ್ಲಿ ಒಂದು ಭೇದವನ್ನು ಮಾಡದೆ ಮುಂದೆ ಹೋಗುವಂತಿಲ್ಲ. ಮೂವರು ಆಚಾರ್ಯರ ಉದಾಹರಣೆಗಳಲ್ಲಿಯೂ ಆಡುವವನಿಗೆ ಕೊರತೆಯಿಲ್ಲ. ಇದ್ದುದರ ಹೆಚ್ಚಳವೇ ಆಟವಾಗಿ ಹೊರಗೆ ಬರುತ್ತದೆ. ಈ ಲಕ್ಷಣವನ್ನು ಹಿಡಿದು ನೋಡಿದರೆ ಭಾನುವಾರದ ವಿಹಾರಾರ್ಥಿಗಳಲ್ಲಿ ಆಡುವವರು ನಾವು ತಿಳಿದಷ್ಟು ಜನ ಇರುವುದಿಲ್ಲ. ನೀರಿಗೆ ಬೆನ್ನು ತಿರುಗಿಸಿ ನಿಂತು, ತನ್ನ ಮುಖವೂ ಕೆರೆಯೂ ಒಂದೇ ಚೌಕಟ್ಟಿನಲ್ಲಿ ಬೀಳುವವರೆಗೂ ಮೊಬೈಲಿನೊಡನೆ ಹೆಣಗಾಡಿ, ಬಿದ್ದೊಡನೆ ಹೊರಟುಹೋಗುವವನು ಆಡಲು ಬಂದವನಲ್ಲ. ಅವನಿಗೆ ಒಂದು ಕೊರತೆಯಿದೆ, ಅದನ್ನು ಪರರ ಮೆಚ್ಚುಗೆಯಿಂದ ತುಂಬಿಕೊಳ್ಳಬೇಕಾಗಿದೆ. ಬಂಡೆಯ ಮರೆಯಲ್ಲಿ ಬಾಟಲಿಯನ್ನು ತೆರೆದು ಕುಳಿತವನಿಗೂ ಅಷ್ಟೆ: ಮಧ್ವರು ಹೇಳಿದ ಉದ್ರೇಕವು ಒಳಗಿನಿಂದ ಬಾರದೆ ಇದ್ದುದರಿಂದ ಅದನ್ನು ಕ್ರಯಕ್ಕೆ ತಂದಿದ್ದಾನೆ. ಇದೇ ಅಳತೆಗೋಲನ್ನು ಗುಡಿಯ ಮೆಟ್ಟಿಲಿಗೂ ಹಿಡಿಯಬೇಕಾಗುತ್ತದೆ. ಪರೀಕ್ಷೆ, ಮದುವೆ, ಮೊಕದ್ದಮೆ, ನಿವೇಶನ ಎಂದು ಹರಕೆಯ ಪಟ್ಟಿಯನ್ನು ಕಟ್ಟಿಕೊಂಡು ಮುಳುಗು ಹಾಕುವವನ ಸ್ನಾನದಲ್ಲಿ ಸಂಕಲ್ಪಮಂತ್ರವಿದ್ದರೂ ವ್ಯವಹಾರದ ಅಂಶವೇ ಅಧಿಕ. ಒಳಗು ಕೊಳೆತಿರುವಾಗ ಹೊರಗಿನ ಮಜ್ಜನವೇಕೆಂದು ಶಿವಶರಣರೂ ಹರಿದಾಸರೂ ಒಂದೇ ಕಂಠದಿಂದ ಗದರಿಸಿದುದು ಇಂತಹವನನ್ನೇ. ಬೇಡದೆ ಬಂದು, ಬೇಡದೆ ನಲಿದು, ಬೇಡದೆ ಹೋಗುವವನು, ದೇವರ ಹೆಸರನ್ನು ಎತ್ತದೆ ಇದ್ದರೂ, ಭಕ್ತಿಗೆ ಇವನಿಗಿಂತ ಸಮೀಪದಲ್ಲಿದ್ದಾನೆಂದು ನನ್ನ ತೀರ್ಮಾನ.

ಲೀಲಾವಾದವು ಮನೋಹರವಾದುದು, ಅದರ ಅಪಾಯವೂ ಮನೋಹರತೆಯಲ್ಲೇ ಇದೆ. ಸೂತ್ರಕಾರರಿಗೆ ಇದು ತಿಳಿದಿತ್ತು. ಲೀಲೆಯನ್ನು ಹೇಳಿದ ಸೂತ್ರಕ್ಕೆ ಉಸಿರಾಡುವಷ್ಟೂ ಬಿಡುವು ಕೊಡದೆ, ಮರುಸೂತ್ರದಲ್ಲಿಯೇ ಅವರು ವೈಷಮ್ಯ ಮತ್ತು ನೈರ್ಘೃಣ್ಯಗಳೆಂಬ ಎರಡು ದೋಷಾರೋಪಣೆಗಳನ್ನು ಎತ್ತಿಕೊಳ್ಳುತ್ತಾರೆ. ಇದು ಆಟವಾದರೆ ಒಬ್ಬನು ಸುಖದಲ್ಲಿಯೂ ಇನ್ನೊಬ್ಬನು ದುಃಖದಲ್ಲಿಯೂ ಹುಟ್ಟುವುದೇಕೆ? ಆಡುವವನು ಪಕ್ಷಪಾತಿಯೂ ನಿಷ್ಕರುಣಿಯೂ ಆಗಲಿಲ್ಲವೆ? ಎರಡು ಸೂತ್ರಗಳ ಈ ನೆರೆಹೊರೆಯು ನನಗೆ ಬಹಳ ಅರ್ಥಗರ್ಭಿತವಾಗಿ ಕಾಣುತ್ತದೆ. ಆಟವೆಂದೊಡನೆ, ಅದರಿಂದ ನೊಂದವರು ಯಾರು ಎಂಬ ಪ್ರಶ್ನೆಯು ಬಾಗಿಲಲ್ಲಿ ನಿಂತಿರಬೇಕೆಂಬ ವಿವೇಕವು ಅದರಲ್ಲಿದೆ. ಸಮಾಧಾನವನ್ನು ಹೇಳುವಾಗ ಶಂಕರರು ಮಳೆಯ ಮೋಡವನ್ನು ತರುತ್ತಾರೆ. ಮೋಡವು ಬತ್ತಕ್ಕೂ ಯವಕ್ಕೂ ಸಾಧಾರಣವಾದ ಕಾರಣ. ಅದು ಎಲ್ಲದರ ಮೇಲೂ ಸಮನಾಗಿ ಸುರಿಯುವುದು. ಬೆಳೆಯಲ್ಲಿ ಕಾಣುವ ತಾರತಮ್ಯವು ಬೀಜಗಳ ಸಾಮರ್ಥ್ಯದಿಂದ ಬಂದುದು. ಹಾಗೆಯೇ ಈಶ್ವರನು ಸಮ. ಜೀವಿಗಳ ಕರ್ಮವೇ ಭೇದಕ್ಕೆ ಹೇತು. ಈಶ್ವರನ ಪಕ್ಷದಲ್ಲಿ ಈ ವಾದವು ಸಾಕೋ ಸಾಲದೋ ವೇದಾಂತಿಗಳು ವಿಚಾರಮಾಡಲಿ. ನನಗೆ ಮುಖ್ಯವಾದುದು ಬೇರೆ: ಮೋಡಕ್ಕೆ ಸಲ್ಲುವ ಈ ವಾದವು ಕಟ್ಟೆಗೆ ಸಲ್ಲುವುದಿಲ್ಲ. ಮೋಡವು ಆರಿಸುವುದಿಲ್ಲ, ಕಟ್ಟೆಯು ಹುಟ್ಟಿದುದೇ ಆರಿಸುವುದಕ್ಕಾಗಿ. ಯಾವ ಹೊಲ ಮುಳುಗಬೇಕು, ಯಾವ ಹೊಲ ನೆನೆಯಬೇಕು, ಯಾವ ತಿಂಗಳಲ್ಲಿ ಯಾವ ಬಾಗಿಲನ್ನು ಎಷ್ಟು ಎತ್ತಬೇಕು ಎಂಬುದನ್ನು ಮನುಷ್ಯನು ಕಾಗದದ ಮೇಲೆ ಬರೆದು ನಿರ್ಧರಿಸುತ್ತಾನೆ. ನಿರ್ಧರಿಸಿದವನು ಅನ್ಯರ ಕರ್ಮದ ಹಿಂದೆ ಅಡಗುವಂತಿಲ್ಲ. ಆ ನಿರ್ಧಾರದ ಫಲವಾದ ಜಲವಿಸ್ತಾರದಲ್ಲಿ ದೋಣಿಯೇರಿ ನಲಿಯುವವನೂ ಅಡಗುವಂತಿಲ್ಲ.

ಕನ್ನಂಬಾಡಿಯ ಕಥೆಯನ್ನು ಈ ದೃಷ್ಟಿಯಿಂದ ಓದಬೇಕು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಎಂ. ವಿಶ್ವೇಶ್ವರಯ್ಯನವರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿದ್ದಾಗ, 1911ರಲ್ಲಿ ಆರಂಭವಾದ ಕಟ್ಟಡದ ಕೆಲಸವು ಮುಗಿದುದು 1930ರ ದಶಕದ ಆರಂಭಕ್ಕೆ. ಕಾವೇರಿಯನ್ನು ಹೇಮಾವತಿ, ಲಕ್ಷ್ಮಣತೀರ್ಥಗಳು ಕೂಡಿಕೊಂಡ ತರುವಾಯದ ಎಡೆಯಲ್ಲಿ, ಸಿಮೆಂಟಿನ ಬದಲು ಸುರ್ಕಿಯ ಗಾರೆಯಿಂದ ಕಲ್ಲನ್ನು ಕಲ್ಲಿಗೆ ಬೆಸೆದು ನಿಲ್ಲಿಸಿದ ಆ ಗೋಡೆಯು ಸುಮಾರು 49 ಟಿ.ಎಂ.ಸಿ. ನೀರನ್ನು ತಡೆದು ಹಿಡಿಯಬಲ್ಲುದು; ಅದು ತುಂಬಿತೆಂಬುದಕ್ಕೆ ಗುರುತಾದ 124.80 ಅಡಿ ಎಂಬ ಅಂಕೆಯು ಈ ಪ್ರಾಂತ್ಯದ ಮಕ್ಕಳಿಗೂ ಬಾಯಿಪಾಠವಾಗಿದೆ. ಇದಕ್ಕೂ ಹಿಂದೆ ಇಲ್ಲಿ ಅಣೆಯನ್ನು ಕಟ್ಟಬೇಕೆಂದಿದ್ದ ಟಿಪ್ಪುಸುಲ್ತಾನನ ಕಾಲದ ಫಾರಸಿ ಶಾಸನವೊಂದು ದೊರೆತು, ಕಟ್ಟೆಯ ಬಳಿ ಇಡಲ್ಪಟ್ಟಿದೆ. ಅದೂ ದೇವರ ನಾಮದಿಂದಲೇ ಆರಂಭವಾಗಿ, ವ್ಯಯವಾದ ದ್ರವ್ಯವನ್ನು ದೈವಸೇವೆಗೆ ಅರ್ಪಿಸುತ್ತದೆ. ನದಿಗೆ ಅಡ್ಡ ನಿಲ್ಲುವಾಗ ಯಾವ ಮತದ ಮನುಷ್ಯನಿಗೂ ದೇವರ ಅನುಮತಿಯನ್ನು ಕೇಳಬೇಕೆನ್ನಿಸುವುದು ಸಹಜವೆಂದು ತೋರುತ್ತದೆ.

ಕಟ್ಟೆಯ ಹಿಂದೆ ಮುಳುಗಿದ ಹಲವು ಊರುಗಳಲ್ಲಿ ಕನ್ನಂಬಾಡಿಯೇ ಒಂದು. ಕಣ್ವಋಷಿಯ ಹೆಸರಿನೊಡನೆ ಐತಿಹ್ಯವು ಬೆಸೆದಿದ್ದ ಆ ಪುರಾತನ ಗ್ರಾಮದಲ್ಲಿ ಕೊಳಲೂದುವ ಗೋಪಾಲನ ದೇವಾಲಯವಿದ್ದಿತು; ಹೊಯ್ಸಳರ ಕಾಲದ ಕಲ್ಲುಗೆಲಸ, ಸುತ್ತಲೂ ಕೈಸಾಲೆ, ಕೈಸಾಲೆಯುದ್ದಕ್ಕೂ ಸಣ್ಣ ಸಣ್ಣ ಗುಡಿಗಳು. ಊರವರು ಮೇಲಿನ ನೆಲಕ್ಕೆ ಹೋಗಿ ಹೊಸಕನ್ನಂಬಾಡಿಯನ್ನು ಕಟ್ಟಿಕೊಂಡರು. ಗುಡಿಯು ನೀರಿನಡಿಯಲ್ಲಿ ಉಳಿಯಿತು. ಹೀಗೆ ಹಿನ್ನೀರಿನಡಿಯಲ್ಲಿ ವೇಣುಗೋಪಾಲನ ಮನೆ ಮುಳುಗಿರುವಾಗಲೇ, ಕಟ್ಟೆಯ ಮುಂಬದಿಯಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರು ಕಾಶ್ಮೀರದ ಶಾಲಿಮಾರ್ ಉದ್ಯಾನದ ಮಾದರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಅಂತಸ್ತು ಅಂತಸ್ತಾಗಿ ತೋಟವನ್ನೂ ಕಾರಂಜಿಗಳನ್ನೂ ಎಬ್ಬಿಸಿದರು. ಮೊದಲು ಕೃಷ್ಣರಾಜೇಂದ್ರರ ಹೆಸರಿನಲ್ಲಿದ್ದ ಆ ತೋಟಕ್ಕೆ ಕಾಲಕ್ರಮದಲ್ಲಿ ನಿಂತ ಹೆಸರು ಬೃಂದಾವನ. ಗೋಪಾಲನು ನೀರಿನಲ್ಲಿ, ಅವನ ಕ್ರೀಡಾಸ್ಥಾನದ ಹೆಸರು ದೀಪಾಲಂಕಾರದಲ್ಲಿ. ಯಾರೂ ಉದ್ದೇಶಪೂರ್ವಕವಾಗಿ ಮಾಡಿದ ಪರಿಹಾಸವಲ್ಲ ಇದು. ಆದರೂ ಲೀಲಾಸೂತ್ರಕ್ಕೂ ನೈರ್ಘೃಣ್ಯಸೂತ್ರಕ್ಕೂ ನಡುವಣ ಅಂತರವು ಒಂದು ಗೋಡೆಯ ದಪ್ಪದಷ್ಟು ಮಾತ್ರ ಎಂಬುದನ್ನು ಇದಕ್ಕಿಂತ ಸ್ಫುಟವಾಗಿ ತೋರಿಸುವ ಸ್ಥಳವನ್ನು ನಾನು ಕಂಡಿಲ್ಲ. ಬರಗಾಲದ ವರ್ಷಗಳಲ್ಲಿ ಜಲವು ಇಳಿದಾಗ ಗುಡಿಯು ಕೆಸರು ಮೆತ್ತಿದ ಕಂಬಗಳೊಡನೆ ಮೇಲೆದ್ದು ಬರುತ್ತಿತ್ತು. ರೈತನಿಗೆ ಕಷ್ಟದ ಕಾಲವೇ ದೇವರ ದರ್ಶನದ ಕಾಲವಾಗಿತ್ತು. ಈ ಶತಮಾನದ ಮೊದಲ ದಶಕದಲ್ಲಿ ಖೋಡೇ ಪ್ರತಿಷ್ಠಾನದವರು ಕಲ್ಲುಕಲ್ಲಿಗೂ ಗುರುತು ಹಾಕಿ ಗುಡಿಯನ್ನು ಬಿಚ್ಚಿಸಿ, ಹೊಸಕನ್ನಂಬಾಡಿಯ ಬಳಿ ಹಿನ್ನೀರಿನ ದಂಡೆಯಲ್ಲಿ ಮತ್ತೆ ಜೋಡಿಸಿದರು. 2011ರ ವೇಳೆಗೆ ಆ ಕೆಲಸವು ಪೂರ್ಣವಾಯಿತು. ಈಗ ಅಲ್ಲಿಗೂ ವಿಹಾರಾರ್ಥಿಗಳು ಹೋಗುತ್ತಾರೆ. ಮಳೆಗಾಲದಲ್ಲಿ ಕಟ್ಟೆ ತುಂಬಿದಾಗ ಅಲೆಗಳು ಗುಡಿಯ ಸಮೀಪದವರೆಗೆ ಬಂದು ಮಕ್ಕಳ ಕಾಲನ್ನು ತೋಯಿಸುತ್ತವೆ.

ಊರುಗಳು ಮುಳುಗಿದ ಮೇಲೆ ಕಟ್ಟೆಯನ್ನು ಕಟ್ಟಬಾರದಾಗಿತ್ತೆ ಎಂದು ಕೇಳುವವರಿಗೆ ನನ್ನ ಉತ್ತರವು ಸಂದಿಗ್ಧವಾದುದಲ್ಲ, ಕಟ್ಟಿದ್ದು ಸರಿ. ಮೊದಲು ಇರ್ವಿನ್ ನಾಲೆಯೆಂದು ಕರೆಯಲ್ಪಟ್ಟು ಈಗ ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿರುವ ಕಾಲುವೆಯು ಹುಲಿಕೆರೆಯ ಸುರಂಗವನ್ನು ನುಸುಳಿ ಮಂಡ್ಯದ ಕಡೆಗೆ ಹರಿಯದೆ ಇದ್ದಿದ್ದರೆ, ಆಕಾಶವನ್ನೇ ನೋಡುತ್ತ ರಾಗಿ ಹುರುಳಿಗಳಲ್ಲಿ ದಿನಗಳೆಯುತ್ತಿದ್ದ ಆ ಸೀಮೆಯು ಬತ್ತವನ್ನೂ ಕಬ್ಬನ್ನೂ ಕಾಣುತ್ತಿರಲಿಲ್ಲ, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಯು ಸ್ಥಾಪಿತವಾಗುತ್ತಿರಲಿಲ್ಲ. ಆದರೆ ಸರಿಯಾದ ಕಾರ್ಯಕ್ಕೂ ಋಣವಿರುತ್ತದೆ. ಮೋಡದ ಮೇಲೆ ಯಾರೂ ದಾವೆ ಹೂಡುವುದಿಲ್ಲ. ಕಟ್ಟೆಯ ಮೇಲೆ ಹೂಡುತ್ತಾರೆ. ಕಾವೇರಿಯ ನೀರಿನ ಬಗೆಗಿನ 1892ರ ಒಪ್ಪಂದ, 1924ರ ಒಪ್ಪಂದ, ನ್ಯಾಯಮಂಡಲಿಯ 2007ರ ತೀರ್ಪು, ತಮಿಳುನಾಡಿಗೆ 177.25 ಟಿ.ಎಂ.ಸಿ. ನೀರನ್ನು ನಿಗದಿಮಾಡಿದ ಸರ್ವೋಚ್ಚ ನ್ಯಾಯಾಲಯದ 2018ರ ತೀರ್ಪು, ಇವೆಲ್ಲವೂ ವೈಷಮ್ಯಸೂತ್ರಕ್ಕೆ ಮನುಷ್ಯರು ಬರೆದ ಭಾಷ್ಯಗಳೇ ಅಲ್ಲವೆ?

ಪುರಾಣವು ಈ ಸಂಗತಿಯನ್ನು ತನ್ನದೇ ರೀತಿಯಲ್ಲಿ ಮೊದಲೇ ಕಂಡುಕೊಂಡಿತ್ತು. ಕವೇರಮುನಿಯ ಮಗಳಾದ ಕಾವೇರಿಯು ಅಗಸ್ತ್ಯರನ್ನು ವರಿಸುವಾಗ, ತನ್ನನ್ನು ಒಂಟಿಯಾಗಿ ಬಿಟ್ಟುಹೋಗಬಾರದೆಂಬ ಕಟ್ಟಳೆಯನ್ನು ಹಾಕಿದ್ದಳು. ಒಂದು ದಿನ ಮುನಿಯು ಅವಳನ್ನು ಕಮಂಡಲುವಿನಲ್ಲಿ ನೀರಾಗಿ ಇರಿಸಿ, ಶಿಷ್ಯರನ್ನು ಕಾವಲಿಟ್ಟು, ಕನಕೆಯಲ್ಲಿ ಸ್ನಾನಕ್ಕೆ ಹೋದನು. ವಚನಭಂಗದಿಂದ ಕ್ರುದ್ಧಳಾದ ಅವಳು ಉಕ್ಕಿ ಹೊರಟಳು. ಶಿಷ್ಯರು ಅಡ್ಡಗಟ್ಟಿದರೆ ಭೂಮಿಯೊಳಗೆ ಇಳಿದು ಮುಂದೆ ಎದ್ದು ಹರಿದಳು. ಇದು ಕೊಡಗಿನಲ್ಲಿ ಹೇಳುವ ಕಥೆ. ತಮಿಳುನಾಡಿನಲ್ಲಿ ಹೇಳುವಾಗ ಗಣಪತಿಯು ಕಾಗೆಯಾಗಿ ಬಂದು ಕಮಂಡಲುವನ್ನು ಉರುಳಿಸುತ್ತಾನೆ. ಮೇಲಿನ ದಂಡೆಯವರು ನದಿಯ ಮುನಿಸನ್ನು ನೆನೆದರೆ, ಕೆಳಗಿನ ದಂಡೆಯವರು ಪಾತ್ರೆಯನ್ನು ಉರುಳಿಸಿದ ಉಪಕಾರವನ್ನು ನೆನೆಯುತ್ತಾರೆ. ಎರಡೂ ಕಥೆಗಳಲ್ಲಿ ಕಾವೇರಿಯು ನದಿಯಾಗುವ ಮೊದಲು ಒಂದು ಸಣ್ಣ ಜಲಾಶಯವಾಗಿದ್ದಳು ಎಂಬುದನ್ನು ಮರೆಯಲಾಗದು. ಹಿಡಿದಿಟ್ಟುಕೊಂಡವನಿಗೆ ಕಟ್ಟಳೆಯಿದೆ, ಹಿಡಿದಿಡುವುದೇ ಪಾಪವೆಂದು ಪುರಾಣವು ಹೇಳಲಿಲ್ಲ, ಹಿಡಿದಿಟ್ಟು ಮರೆತುಹೋಗುವುದು ಪಾಪವೆಂದಿತು.

ಕಟ್ಟೆ ತುಂಬಿದ ವರ್ಷ ಮುಖ್ಯಮಂತ್ರಿಗಳು ಬಂದು ಬಾಗಿನವನ್ನು ಅರ್ಪಿಸುವ ಪದ್ಧತಿಯನ್ನು ಕೆಲವರು ರಾಜಕೀಯದ ಆಡಂಬರವೆಂದು ಆಡಿಕೊಳ್ಳುವುದುಂಟು. 2025ರಲ್ಲಿ ಜೂನ್ ತಿಂಗಳೊಳಗೇ ಕಟ್ಟೆ ತುಂಬಿ, ತಿಂಗಳ ಕೊನೆಯ ದಿನ ಬಾಗಿನವಾಯಿತು. ಜೂನಿನಲ್ಲಿ ಬಾಗಿನವಾದುದು ಅದೇ ಮೊದಲು. ಆಡಂಬರವು ಇದ್ದೀತು, ನಾನು ನೋಡುವುದು ಮೊರದೊಳಗನ್ನು. ಅರಿಶಿನ, ಕುಂಕುಮ, ಹಸಿರು ಬಳೆ, ಬಿಚ್ಚೋಲೆ, ಬಾಚಣಿಗೆ, ಪುಟ್ಟ ಕನ್ನಡಿ, ರವಿಕೆಯ ಕಣ, ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಇವಿಷ್ಟನ್ನೂ ಬಿದಿರಿನ ಮೊರದಲ್ಲಿ ಇಟ್ಟು, ಮೇಲೆ ಇನ್ನೊಂದು ಮೊರವನ್ನು ಕವುಚಿ ಕೊಡುತ್ತಾರೆ. ಹಬ್ಬಕ್ಕೆ ತವರಿಗೆ ಬಂದ ಮಗಳನ್ನು ಗಂಡನ ಮನೆಗೆ ಕಳುಹಿಸುವಾಗ ಕೊಡುವ ವಸ್ತುಗಳೇ ಇವು. ಮಗಳು ಹೋಗಬೇಕಾದವಳು ಎಂಬ ಒಪ್ಪಿಗೆಯು ಅದರಲ್ಲಿ ಸೇರಿದೆ. ಮುಂದಕ್ಕೆ ಹೋಗಬೇಕಾದ ನೀರನ್ನು ಇಲ್ಲಿ ಸ್ವಲ್ಪ ಕಾಲ ನಿಲ್ಲಿಸಿಕೊಂಡಿದ್ದೇವೆ ಎಂಬುದನ್ನು ಸರ್ಕಾರದ ಮುಖ್ಯಸ್ಥನು ಕಟ್ಟೆ ತುಂಬಿದಾಗಲೆಲ್ಲ ಬಹಿರಂಗವಾಗಿ ಒಪ್ಪಿಕೊಳ್ಳುವ ವಿಧಿಯು ನಮ್ಮಲ್ಲಿ ಉಳಿದಿರುವುದು ಸಣ್ಣ ವಿಷಯವಲ್ಲ.

ಹಾಗಾದರೆ ಆಡಲು ಬಂದವನ ಬಾಗಿನವೇನು? ಶತಪಥಬ್ರಾಹ್ಮಣವು ಮನುಷ್ಯನು ಹುಟ್ಟುವಾಗಲೇ ದೇವಋಣ, ಋಷಿಋಣ, ಪಿತೃಋಣಗಳ ಜೊತೆಗೆ ಮನುಷ್ಯಋಣವನ್ನೂ ಹೊತ್ತು ಬರುತ್ತಾನೆಂದು ಹೇಳುತ್ತದೆ. ಮೂರನ್ನು ಎಲ್ಲರೂ ಹೇಳುತ್ತಾರೆ. ನಾಲ್ಕನೆಯದನ್ನು ಬಹುಮಂದಿ ಬಿಟ್ಟುಬಿಡುತ್ತಾರೆ. ಜಲವಿಹಾರಿಯು ತೀರಿಸಬೇಕಾದುದು ಈ ನಾಲ್ಕನೆಯದನ್ನೇ ಎಂದು ನನಗೆ ತೋರುತ್ತದೆ. ನೆಲ ಬಿಟ್ಟು ಹೋದ ಊರಿನವರಿಗೂ, ನಾಲೆಯ ಕೊನೆಯ ಗದ್ದೆಯಲ್ಲಿ ನೀರಿಗಾಗಿ ರಾತ್ರಿ ನಿದ್ದೆಗೆಡುವ ರೈತನಿಗೂ, ಅದೇ ನೀರನ್ನು ಕುಡಿಯುವ ಮೈಸೂರು ಬೆಂಗಳೂರುಗಳ ಜನಕ್ಕೂ, ನಾಳೆ ಅದೇ ಬಂಡೆಯಿಂದ ಹಾರಲಿರುವ ಹುಡುಗನಿಗೂ ಅವನು ಸಾಲಗಾರ. ಆಡುವಾಗ ಈ ಸಾಲವನ್ನು ನೆನೆದು ಮುಖ ಸಪ್ಪಗೆ ಮಾಡಿಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಅಂತಹ ಸಪ್ಪೆಮುಖದಿಂದ ಯಾರ ಹೊಲವೂ ನೆನೆಯುವುದಿಲ್ಲ. ಆಟದ ಬೆಲೆಯನ್ನು ಇನ್ನೊಬ್ಬರ ತಲೆಗೆ ಕಟ್ಟದೆ ಇದ್ದರೆ ಸಾಕು. ಕೆರೆಯ ದಂಡೆಯಲ್ಲಿ ಒಡೆದುಬಿದ್ದ ಬಾಟಲಿಯ ಗಾಜು ಬೇರೊಬ್ಬನ ಅಂಗಾಲಿಗೆ ನಾಟಿದಾಗ, ಆಳವನ್ನು ತಿಳಿಯದೆ ಇಳಿದವನ ದೇಹಕ್ಕಾಗಿ ಮೀನುಗಾರರು ಸಂಜೆಯವರೆಗೂ ಬಲೆಯಾಡಿಸುತ್ತಿರುವಾಗ, ಲೀಲೆಯು ಮುಗಿದು ನೈರ್ಘೃಣ್ಯದ ಪಾಳಿ ಬಂದಿರುತ್ತದೆ. ಅದನ್ನು ಆ ದಂಡೆಯ ಜನ ಮತ್ತೆ ಮತ್ತೆ ಕಂಡಿದ್ದಾರೆ.

ಆದುದರಿಂದ ಹೋಗುವವರು ಹೋಗಬೇಕು, ಮಕ್ಕಳನ್ನೂ ಕರೆದುಕೊಂಡು ಹೋಗಬೇಕು. ಕನ್ನಂಬಾಡಿಗೆ ಹೋದವರು ಬೃಂದಾವನದ ದೀಪ ಹೊತ್ತುವುದನ್ನು ಕಾಯುವ ಮೊದಲು, ಬಿಸಿಲಿರುವಾಗಲೇ ಹಿನ್ನೀರಿನ ದಂಡೆಗೆ ಹೋಗಿ ವೇಣುಗೋಪಾಲನ ಗುಡಿಯನ್ನು ನೋಡಿ, ಇದು ಮೊದಲು ಎಲ್ಲಿತ್ತೆಂಬುದನ್ನು ಮಕ್ಕಳಿಗೆ ಕೈತೋರಿಸಿ ಹೇಳಿರಿ. ತೊಣ್ಣೂರಿಗೆ ಹೋದವರು, ಈಜು ಬಾರದಿದ್ದರೆ ಮೊಣಕಾಲು ಮುಳುಗುವುದಕ್ಕಿಂತ ಮುಂದಕ್ಕೆ ಇಳಿಯಬೇಡಿರಿ. ಕುಡಿದು ನೀರಿಗೆ ಇಳಿಯಬೇಡಿರಿ, ಇಳಿಯಹೊರಟವನನ್ನು ತಡೆಯಿರಿ. ಉಂಡ ಎಲೆ, ತಟ್ಟೆ, ಬಾಟಲಿ, ಚೀಲಗಳನ್ನು ಬುತ್ತಿ ತಂದ ಬ್ಯಾಗಿನಲ್ಲಿಯೇ ತುಂಬಿಕೊಂಡು ಮೈಸೂರಿಗೆ ಹಿಂದಕ್ಕೆ ತನ್ನಿರಿ.